ಪಾರ್ಟಿಷನ್ ಎಡವಟ್ಟಾಗಿ ಕಂಪ್ಯೂಟರ್ ಶುರುವಾಗದಿದ್ದರೆ: ಮೊದಲು ಕೈ ತಡೆಯಿರಿ

ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಪಾರ್ಟಿಷನ್ ಪಟ್ಟಿ ತೆರೆದು ನೋಡಿದಿರಿ. ಅಲ್ಲಿ 100 ಎಂಬಿಯ ಒಂದು ಚಿಕ್ಕ ತುಂಡು ಕಾಣಿಸಿತು. ಅದಕ್ಕೆ ಹೆಸರಿಲ್ಲ, ಡ್ರೈವ್ ಅಕ್ಷರವಿಲ್ಲ. ನೀವಂತೂ ಅದನ್ನು ಯಾವತ್ತೂ ತೆರೆದವರಲ್ಲ. ಬೇಡದ್ದು ಅನ್ನಿಸಿತು, ಅಳಿಸಿದಿರಿ. ಆಗಲೂ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ನೋ ಬೂಟಬಲ್ ಡಿವೈಸ್.

ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೇನೆ. ಆ ಹೊತ್ತಿನ ಎದೆಬಡಿತ ಇನ್ನೂ ನೆನಪಿದೆ. ಫೋಟೋ, ಕೆಲಸದ ಕಡತ, ವರ್ಷಗಟ್ಟಲೆ ಬರೆದಿಟ್ಟದ್ದು ಎಲ್ಲಾ ಹೋಯಿತು ಅಂತಲೇ ಅಂದುಕೊಂಡಿದ್ದೆ. ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಹುತೇಕ ಸಲ ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ. ಗಾಬರಿಯಲ್ಲಿ ಮಾಡುವ ಎರಡನೆಯ ತಪ್ಪೇ ಅವುಗಳನ್ನು ನಿಜವಾಗಿ ಕಳೆಯುವುದು. ಫಾರ್ಮ್ಯಾಟ್ ಒತ್ತುವುದು, ಅದೇ ಡಿಸ್ಕಿನ ಮೇಲೆ ವಿಂಡೋಸ್ ಮತ್ತೆ ಹಾಕುವುದು, ಸಿಕ್ಕಿದ ರಿಪೇರಿ ಕಮಾಂಡನ್ನೆಲ್ಲ ಒಂದಾದ ಮೇಲೊಂದು ಓಡಿಸುವುದು, ಇವೆಲ್ಲ ಗಾಯದ ಮೇಲೆ ಬರೆ ಎಳೆದಂತೆ.

ಹಾಗಾಗಿ ಕಂಪ್ಯೂಟರ್ ಆಗಲೇ ನಿಂತುಹೋಗಿದ್ದರೆ ಈ ಲೇಖನ ಓದುವಾಗ ಅದು ಆಫ್ ಆಗಿಯೇ ಇರಲಿ. ಏನಾಗಿದೆ ಅಂತ ಅರ್ಥ ಮಾಡಿಕೊಂಡ ಮೇಲೆ ಕೈ ಹಾಕೋಣ.

ಪಾರ್ಟಿಷನ್ ಅಂದರೆ ಕೆಲವೇ ಅಂಕಿಗಳು

ಒಂದು ಟಿಬಿ ಡಿಸ್ಕಿನಲ್ಲಿ ತಲಾ 512 ಬೈಟಿನ ಸುಮಾರು 195 ಕೋಟಿ ಸೆಕ್ಟರುಗಳಿರುತ್ತವೆ. ಇವು ಒಂದರ ಪಕ್ಕ ಒಂದು ಉದ್ದಕ್ಕೆ ಜೋಡಿಸಿಟ್ಟ ಗೂಡುಗಳು ಅಂದುಕೊಳ್ಳಿ. ಡಿಸ್ಕಿನೊಳಗೆ ಸಿ, ಡಿ ಅಂತ ಬೇರೆ ಬೇರೆ ಕೋಣೆಗಳೇನೂ ಇಲ್ಲ. 'ಈ ಸೆಕ್ಟರಿನಿಂದ ಆ ಸೆಕ್ಟರಿನವರೆಗೆ ಒಂದು ಪಾರ್ಟಿಷನ್' ಅಂತ ಡಿಸ್ಕಿನ ಶುರುವಿನಲ್ಲಿ ಬರೆದಿಟ್ಟ ಒಂದು ಚಿಕ್ಕ ಪಟ್ಟಿ ಇದೆ, ಅಷ್ಟೇ. ಅದೇ ಪಾರ್ಟಿಷನ್ ಟೇಬಲ್.

ಅದು ಎಷ್ಟು ಚಿಕ್ಕದು ಗೊತ್ತಾ? ಹಳೆಯ ಪದ್ಧತಿಯ ಹೆಸರು ಎಂಬಿಆರ್. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಅದರಲ್ಲಿ ಡಿಸ್ಕಿನ ಮೊತ್ತಮೊದಲ ಸೆಕ್ಟರಿನ 512 ಬೈಟುಗಳಲ್ಲೇ ಎಲ್ಲಾ ಮುಗಿಯಬೇಕು. 446 ಬೈಟ್ ಬೂಟ್ ಮಾಡಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟ್ ಪಾರ್ಟಿಷನ್ ಟೇಬಲ್ಲಿಗೆ, ಕೊನೆಯ 2 ಬೈಟ್ 'ಇದು ಸರಿಯಾದ ಬೂಟ್ ಸೆಕ್ಟರ್' ಅನ್ನುವ ಗುರುತಿಗೆ. ಆ 64 ಬೈಟಿನಲ್ಲಿ ತಲಾ 16 ಬೈಟಿನ ನಾಲ್ಕು ಸಾಲುಗಳು. ನಿಮ್ಮ ಇಡೀ ಡಿಸ್ಕಿನ ನಕ್ಷೆ ಈ ಲೇಖನದ ಒಂದು ಸಾಲಿಗಿಂತ ಚಿಕ್ಕದು.

ಹೊಸ ಪದ್ಧತಿ ಜಿಪಿಟಿ. ಇದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್ನುಗಳಿಗೆ ಜಾಗ ಇರುತ್ತದೆ. ಒಂದೊಂದಕ್ಕೂ 128 ಬೈಟಿನ ವಿವರ. ಎಲ್ಲಕ್ಕಿಂತ ಒಳ್ಳೆಯ ಸಂಗತಿ ಅಂದರೆ ಈ ಪಟ್ಟಿ ಎರಡು ಕಡೆ ಇರುತ್ತದೆ. ಒಂದು ಡಿಸ್ಕಿನ ಶುರುವಿನಲ್ಲಿ, ಇನ್ನೊಂದು ಡಿಸ್ಕಿನ ಕಟ್ಟಕಡೆಯಲ್ಲಿ, ತಲಾ 512 ಬೈಟಿನ ಸೆಕ್ಟರಾದರೆ ಸಾಮಾನ್ಯವಾಗಿ ಕೊನೆಯ 33 ಸೆಕ್ಟರುಗಳಲ್ಲಿ. ಪಟ್ಟಿ ಕೆಟ್ಟಿದೆಯೋ ಇಲ್ಲವೋ ಅಂತ ತಾಳೆ ನೋಡಲು ಲೆಕ್ಕದ ಅಂಕಿಯನ್ನೂ ಜೊತೆಗೇ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ ಕಳೆದ ಹತ್ತು ವರ್ಷದೊಳಗಿನದಾದರೆ ಅದರಲ್ಲಿ ಜಿಪಿಟಿ ಇರುವ ಸಾಧ್ಯತೆಯೇ ಜಾಸ್ತಿ.

ಪಾರ್ಟಿಷನ್ 'ಅಳಿಸುವುದು' ಅಂದರೆ ಈ ಪಟ್ಟಿಯ ಒಂದು ಸಾಲನ್ನು ಒರೆಸುವುದು. ಹೊಲದ ಬದು ಕಿತ್ತರೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಬೆಳೆಯೂ ಅಲ್ಲೇ ಇರುತ್ತದೆ. ಇದೂ ಹಾಗೆಯೇ. ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಎರಡು ಅಂಕಿ ಮತ್ತೆ ಸಿಕ್ಕರೆ ಪಾರ್ಟಿಷನ್ ಹೋದ ಹಾಗೆಯೇ ವಾಪಸ್ ಬರುತ್ತದೆ. ಫಾರ್ಮ್ಯಾಟ್ ಬೇರೆಯೇ ವಿಷಯ. ಅದು ಪಾರ್ಟಿಷನ್ನಿನ ಒಳಗೆ ಹೋಗಿ ಹೊಸ ಫೈಲ್ ವ್ಯವಸ್ಥೆ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕದ ಪುಸ್ತಕ, ಬರೆಯುತ್ತದೆ. ಈ ಎರಡರ ವ್ಯತ್ಯಾಸ ನಿಮ್ಮ ಫೈಲುಗಳ ಹಣೆಬರಹವನ್ನೇ ಬದಲಿಸುತ್ತದೆ.

ಹಾಗಾದರೆ ಕಂಪ್ಯೂಟರ್ ಯಾಕೆ ಏಳುವುದಿಲ್ಲ?

ಬಟನ್ ಒತ್ತಿದಾಗ ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್. ಅದಕ್ಕೆ ವಿಂಡೋಸ್ ಅಂದರೆ ಏನು ಅಂತ ಗೊತ್ತಿಲ್ಲ. ಅದು ಮುಂದಿನವರನ್ನು ಎಬ್ಬಿಸುತ್ತದೆ, ಅವರು ಅವರ ಮುಂದಿನವರನ್ನು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದೆಲ್ಲ ಸುಮ್ನೆ ಮಲಗಿರುತ್ತದೆ.

ಈಗಿನ ಕಂಪ್ಯೂಟರುಗಳಲ್ಲಿ ಆ ಫರ್ಮ್‌ವೇರಿನ ಹೆಸರು ಯುಇಎಫ್ಐ. 'ಇಂಥ ಡಿಸ್ಕಿನ ಇಂಥ ಪಾರ್ಟಿಷನ್ನಿನಲ್ಲಿರುವ ಇಂಥ ಫೈಲನ್ನು ಓಡಿಸು' ಅಂತ ಅದರ ನೆನಪಿನಲ್ಲಿ ಬರೆದಿರುತ್ತದೆ. ಆ ಫೈಲ್ ಇರುವುದು ಇಎಫ್ಐ ಸಿಸ್ಟಮ್ ಪಾರ್ಟಿಷನ್ ಅನ್ನುವ ಚಿಕ್ಕ ಜಾಗದಲ್ಲಿ. ಅದು ಫ್ಯಾಟ್32 ಮಾದರಿಯದು. ವಿಂಡೋಸ್ ತಾನಾಗಿ ಮಾಡಿಕೊಂಡಾಗ ಅದರ ಅಳತೆ ಬಹಳಷ್ಟು ಸಲ 100 ಎಂಬಿ. ಹೌದು, ನಾವು ಶುರುವಿನಲ್ಲಿ ಬೇಡದ್ದು ಅಂತ ಅಳಿಸಿದ ಆ ತುಂಡೇ ಇದು. ಅಲ್ಲಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಎದ್ದು, ಬಿಸಿಡಿ ಎಂಬ ಪುಟ್ಟ ದಾಖಲೆ ಓದಿ, ವಿಂಡೋಸ್ ಯಾವ ಪಾರ್ಟಿಷನ್ನಿನಲ್ಲಿದೆ ಅಂತ ತಿಳಿದು ಅದನ್ನು ಎಬ್ಬಿಸುತ್ತದೆ.

ಅಳಿಸಿದ ಕೂಡಲೇ ಏನೂ ಆಗದೆ ಮರುದಿನ ಕೈಕೊಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಎದ್ದು ಓಡುತ್ತಿರುವ ವಿಂಡೋಸಿಗೆ ಆ ಪಾರ್ಟಿಷನ್ನಿನ ಹಂಗು ಹೆಚ್ಚುಕಡಿಮೆ ಇಲ್ಲ. ಅದು ಬೇಕಾಗುವುದು ಮುಂದಿನ ಸಲ ಎಬ್ಬಿಸುವಾಗ.

ಹಳೆಯ ಬಯೋಸ್ ಯಂತ್ರಗಳ ದಾರಿ ಬೇರೆ. ಬಯೋಸ್ ಮೊದಲ ಸೆಕ್ಟರಿನ ಆ 446 ಬೈಟನ್ನು ಓಡಿಸುತ್ತದೆ. ಆ ಪ್ರೋಗ್ರಾಮ್ ನಾಲ್ಕು ಸಾಲುಗಳಲ್ಲಿ 'ಆಕ್ಟಿವ್' ಅಂತ ಗುರುತು ಇರುವುದನ್ನು ಹುಡುಕಿ ಅದರ ಬೂಟ್ ಸೆಕ್ಟರಿಗೆ ಕೆಲಸ ಒಪ್ಪಿಸುತ್ತದೆ. ತಪ್ಪಿ ಬೇರೆ ಪಾರ್ಟಿಷನ್ನಿಗೆ ಆಕ್ಟಿವ್ ಗುರುತು ಹಾಕಿದರೆ ಸಾಕು, 'ಬೂಟ್‌ಮ್ಯಾನೇಜರ್ ಇಲ್ಲ' ಅಂತ ಯಂತ್ರ ನಿಂತುಬಿಡುತ್ತದೆ. ಬದಲಾದದ್ದು ಒಂದೇ ಒಂದು ಬೈಟ್ ಗುರುತು, ಫೈಲುಗಳಿಗೆ ಏನೂ ಆಗಿರುವುದಿಲ್ಲ.

ಪರದೆಯ ಮೇಲೆ ಬಂದ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸರಪಳಿ ಎಲ್ಲಿ ಕಡಿದಿದೆ ಅಂತ ಅದೇ ಹೇಳುತ್ತದೆ. ನೋ ಬೂಟಬಲ್ ಡಿವೈಸ್ ಅಂದರೆ, ಅಥವಾ ಯಂತ್ರ ನೇರ ಸೆಟಪ್ ಪರದೆಗೆ ಹೋದರೆ, ಫರ್ಮ್‌ವೇರಿಗೆ ಮುಂದಿನ ಕೊಂಡಿಯೇ ಸಿಗಲಿಲ್ಲ ಅಂತ. ನೀಲಿ ಪರದೆಯಲ್ಲಿ ಬೂಟ್ ಕಾನ್ಫಿಗರೇಷನ್ ಡೇಟಾ ಬಗ್ಗೆ ದೂರಿದರೆ ಬೂಟ್ ಮ್ಯಾನೇಜರ್ ಎದ್ದಿದೆ, ಅದರ ದಾಖಲೆ ಸರಿಯಿಲ್ಲ. ಗ್ರಬ್ ರೆಸ್ಕ್ಯೂ ಅಂತ ಬಂದರೆ ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಮ್ ಅರ್ಧ ಎದ್ದು ತನ್ನ ಉಳಿದರ್ಧವನ್ನು ಹುಡುಕುತ್ತಿದೆ. ಎಮರ್ಜೆನ್ಸಿ ಮೋಡ್ ಅಂತ ಬಂದರೆ ಲಿನಕ್ಸ್ ಬಹುಪಾಲು ಎದ್ದಾಗಿದೆ, ಪಟ್ಟಿಯಲ್ಲಿದ್ದ ಯಾವುದೋ ಪಾರ್ಟಿಷನ್ ಮಾತ್ರ ಸಿಕ್ಕಿಲ್ಲ.

ಮುಟ್ಟುವ ಮೊದಲು

ಇನ್ನೂ ರೀಸ್ಟಾರ್ಟ್ ಮಾಡಿಲ್ಲವಾ? ಮಾಡಬೇಡಿ. ಲಿನಕ್ಸಿನಲ್ಲಿ ಮೌಂಟ್ ಆಗಿರುವ, ಅಂದರೆ ಬಳಕೆಗೆ ಜೋಡಿಸಿರುವ, ಪಾರ್ಟಿಷನ್ನುಗಳ ಹಳೆಯ ಅಂಕಿಗಳು ಕರ್ನಲ್ ಎಂಬ ಅದರ ತಿರುಳಿನ ನೆನಪಿನಲ್ಲಿ ಇನ್ನೂ ಇರುತ್ತವೆ. ಸಿಸ್ ಫೋಲ್ಡರಿನೊಳಗಿನ ಬ್ಲಾಕ್ ಫೋಲ್ಡರಿಗೆ ಹೋಗಿ, ನಿಮ್ಮ ಡಿಸ್ಕಿನ ಹೆಸರಿನಡಿ ಒಂದೊಂದು ಪಾರ್ಟಿಷನ್ನಿಗೂ ಇರುವ ಸ್ಟಾರ್ಟ್ ಮತ್ತು ಸೈಜ್ ಎಂಬ ಎರಡು ಫೈಲ್ ಓದಿ. ಆ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅಷ್ಟಾದರೆ ಪಾರ್ಟಿಷನ್ನನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುವುದು ಸಲೀಸು. ವಿಂಡೋಸ್ ಇನ್ನೂ ಓಡುತ್ತಿದ್ದರೆ ಮೊದಲು ಮುಖ್ಯ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.

ಆಗಲೇ ನಿಂತುಹೋಗಿದ್ದರೆ ಬೇರೊಂದು ಕಂಪ್ಯೂಟರ್ ಬೇಕು. ಅದರಲ್ಲಿ ಎರಡು ಪೆನ್‌ಡ್ರೈವ್ ತಯಾರು ಮಾಡಿ. ಒಂದಕ್ಕೆ ವಿಂಡೋಸ್ ಇನ್‌ಸ್ಟಾಲರ್, ಇನ್ನೊಂದಕ್ಕೆ ಇನ್‌ಸ್ಟಾಲ್ ಮಾಡದೆಯೇ ಓಡುವ ಯಾವುದಾದರೂ ಲೈವ್ ಲಿನಕ್ಸ್. ನಿಮ್ಮದು ವಿಂಡೋಸ್ ಯಂತ್ರವೇ ಆಗಿದ್ದರೂ ಲೈವ್ ಲಿನಕ್ಸ್ ಬೇಕು. ಅದು ಡಿಸ್ಕಿಗೆ ಏನೂ ಬರೆಯದೆ ಒಳಗೆ ಇಣುಕಿ ನೋಡಲು ಬಿಡುತ್ತದೆ. ವಿಂಡೋಸ್ ಹಾಗಲ್ಲ. ಗುರುತು ಸಿಗದ ಡಿಸ್ಕ್ ಕಂಡರೆ 'ಇನಿಷಿಯಲೈಸ್ ಮಾಡಲಾ', 'ಫಾರ್ಮ್ಯಾಟ್ ಮಾಡಲಾ' ಅಂತ ಕೇಳುತ್ತದೆ. ಎಷ್ಟು ಸಲ ಕೇಳಿದರೂ ಬೇಡ ಅನ್ನಿ.

ಫೈಲುಗಳು ಅಮೂಲ್ಯವಾಗಿದ್ದರೆ ರಿಪೇರಿಗೆ ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದಿಟ್ಟುಕೊಳ್ಳಿ. ಗ್ನೂ ಡಿಡಿರೆಸ್ಕ್ಯೂ ಇದಕ್ಕೆಂದೇ ಇರುವ ಪ್ರೋಗ್ರಾಮ್. ಅದು ಓದಲಾಗದ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಅವುಗಳಿಗೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಇದಕ್ಕೆ ಅಷ್ಟೇ ದೊಡ್ಡದಾದ ಇನ್ನೊಂದು ಡಿಸ್ಕ್ ಬೇಕು, ತಾಸುಗಟ್ಟಲೆ ಸಮಯ ಬೇಕು. ಬೇಸರದ ಕೆಲಸ ನಿಜ. ಆದರೆ ಪಡಿಯಚ್ಚು ಕೈಯಲ್ಲಿದ್ದರೆ ಮುಂದೆ ಎಷ್ಟು ತಪ್ಪು ಮಾಡಿದರೂ ಮತ್ತೆ ಮೊದಲ ಸ್ಥಿತಿಗೆ ಬರಬಹುದು. ಆ ನೆಮ್ಮದಿಗೆ ಅಷ್ಟು ಕಾಯುವುದು ದೊಡ್ಡದಲ್ಲ ಅಂತ ನನ್ನ ಅನಿಸಿಕೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಇದನ್ನೂ ಮಾಡಬೇಡಿ. ಅದು ಪಾರ್ಟಿಷನ್ ತೊಂದರೆಯಲ್ಲ, ಡಿಸ್ಕೇ ಸಾಯುತ್ತಿದೆ. ಆಫ್ ಮಾಡಿ ಡೇಟಾ ತೆಗೆಯುವ ಪರಿಣತರಿಗೆ ಕೊಡಿ.

ಎಸ್‌ಎಸ್‌ಡಿ ಇದ್ದರೆ ಇನ್ನೊಂದು ಎಚ್ಚರ. ಎಸ್‌ಎಸ್‌ಡಿಗೆ ಟ್ರಿಮ್ ಎಂಬ ಆಜ್ಞೆ ಇದೆ. 'ಈ ಸೆಕ್ಟರುಗಳು ಇನ್ನು ಬೇಡ' ಅಂತ ಸಿಸ್ಟಮ್ ಹೇಳಿದರೆ ಡಿಸ್ಕ್ ಅವನ್ನು ಒಳಗೊಳಗೇ ಖಾಲಿ ಮಾಡಿಬಿಡುತ್ತದೆ. ವಿಂಡೋಸಿನ ಕ್ವಿಕ್ ಫಾರ್ಮ್ಯಾಟ್ ಈ ಆಜ್ಞೆ ಕಳಿಸುತ್ತದೆ. ಲಿನಕ್ಸಿನಲ್ಲಿ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಹಳೆಯ ತಿರುಗುವ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಫೈಲುಗಳನ್ನು ಹೆಕ್ಕಿ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ಅಳಿಸಿದ ಪಾರ್ಟಿಷನ್ನಿನ ಜಾಗದಲ್ಲಿ ಹೊಸದನ್ನು ಮಾಡಿ ಫಾರ್ಮ್ಯಾಟ್ ಮಾಡುವುದು ಅಲ್ಲಿ ಕೊನೆಯ ಬಾಗಿಲನ್ನೂ ಮುಚ್ಚಿದ ಹಾಗೆ.

ಡಿಸ್ಕಿನಲ್ಲಿರುವುದಕ್ಕೆಲ್ಲ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಹುಡುಕಿಟ್ಟುಕೊಳ್ಳಿ. ಬೂಟ್ ಜೋಡಣೆ ಬದಲಾದರೆ ವಿಂಡೋಸ್ ಅದನ್ನು ಕೇಳುವುದು ಮಾಮೂಲು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಬಳಸುತ್ತಿದ್ದರೆ ಅದು ಅಲ್ಲೇ ಉಳಿದಿರುವುದುಂಟು.

ಇಎಫ್ಐ ಪಾರ್ಟಿಷನ್ ಹೋಗಿದ್ದರೆ

ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಇದನ್ನು ಅಳಿಸಲು ಸುಲಭಕ್ಕೆ ಬಿಡುವುದಿಲ್ಲ. ಆದರೆ ಡಿಸ್ಕ್‌ಪಾರ್ಟ್ ಕಮಾಂಡಿಗೆ 'ಓವರ್‌ರೈಡ್' ಅನ್ನುವ ಪದ ಸೇರಿಸಿದರೆ ಅದು ಎದುರಾಡದೆ ಅಳಿಸುತ್ತದೆ. ಜಿಪಾರ್ಟೆಡ್ ತರಹದ ಪ್ರೋಗ್ರಾಮುಗಳಲ್ಲೂ, ಇನ್‌ಸ್ಟಾಲರಿನ ಪಟ್ಟಿಯಲ್ಲೂ ಇದು ಬೇಗ ಕೈತಪ್ಪುತ್ತದೆ. ಒಳ್ಳೆಯದೇನೆಂದರೆ ಇದರೊಳಗೆ ನಿಮ್ಮ ಸ್ವಂತ ಫೈಲ್ ಒಂದೂ ಇರುವುದಿಲ್ಲ. ಇದರೊಳಗಿದ್ದದ್ದನ್ನು ವಿಂಡೋಸ್ ಹೊಸದಾಗಿ ಮಾಡಿಕೊಡಬಲ್ಲದು.

ವಿಂಡೋಸ್ ಪೆನ್‌ಡ್ರೈವಿನಿಂದ ಯುಇಎಫ್ಐ ಮೋಡಿನಲ್ಲೇ ಬೂಟ್ ಮಾಡಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್ಐ ಅಂತ ಇರುವುದನ್ನು ಆರಿಸಿ. ಮೊದಲ ಪರದೆ ಬಂದಾಗ ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಶುರು ಮಾಡಿ, ಮೊದಲು 'ಲಿಸ್ಟ್ ಡಿಸ್ಕ್' ಕೊಡಿ. ಡಿಸ್ಕಿನ ಸಾಲಿನಲ್ಲಿ ಜಿಪಿಟಿ ಕೆಳಗೆ ನಕ್ಷತ್ರದ ಗುರುತು ಇದ್ದರೆ ಅದು ಜಿಪಿಟಿ ಡಿಸ್ಕ್. ಅಳತೆ ನೋಡಿ ಸರಿಯಾದ ಡಿಸ್ಕನ್ನೇ ಸೆಲೆಕ್ಟ್ ಮಾಡಿ. ಪೆನ್‌ಡ್ರೈವೂ ಈ ಪಟ್ಟಿಯಲ್ಲಿ ಇರುತ್ತದೆ. ಇಲ್ಲಿ ಅವಸರ ಬೇಡ, ಎರಡು ಸಲ ಓದಿ. ಇದೇ ಡಿಸ್ಕ್‌ಪಾರ್ಟಿನಲ್ಲಿ 'ಕ್ಲೀನ್' ಅಂತ ಒಂದು ಕಮಾಂಡ್ ಇದೆ. ಹೆಸರು ಕೇಳಿ ಸ್ವಚ್ಛ ಮಾಡುತ್ತದೆ ಅಂದುಕೊಂಡು ಕೊಡಬೇಡಿ. ಅದು ಇಡೀ ಪಾರ್ಟಿಷನ್ ಟೇಬಲ್ಲನ್ನೇ ಅಳಿಸಿಹಾಕುತ್ತದೆ.

ಈಗ ಖಾಲಿಯಾದ ಜಾಗದಲ್ಲಿ 'ಕ್ರಿಯೇಟ್ ಪಾರ್ಟಿಷನ್ ಇಎಫ್ಐ' ಕೊಟ್ಟು 100 ಎಂಬಿ ಪಾರ್ಟಿಷನ್ ಮಾಡಿ. ಅದನ್ನು ಫ್ಯಾಟ್32 ಆಗಿ ಕ್ವಿಕ್ ಫಾರ್ಮ್ಯಾಟ್ ಮಾಡಿ, ಎಸ್ ಅನ್ನುವ ಅಕ್ಷರ ಕೊಡಿ. ಒಂದು ಮಾತು: ಇಎಫ್ಐ ಜೊತೆ ಬೇರೆ ಡೇಟಾ ಪಾರ್ಟಿಷನ್ನೂ ಅಳಿಸಿಹೋಗಿದ್ದರೆ ಇಲ್ಲಿ ನಿಲ್ಲಿಸಿ. ಮುಂದಿನ ಭಾಗದಲ್ಲಿ ಹೇಳಿರುವ ಹಾಗೆ ಡೇಟಾವನ್ನು ಮೊದಲು ಹಿಂದಕ್ಕೆ ತನ್ನಿ. ಇಲ್ಲದಿದ್ದರೆ ಹೊಸ ಪಾರ್ಟಿಷನ್ ಅದರ ಮೇಲೆಯೇ ಕೂತುಬಿಡಬಹುದು.

ಆಮೇಲೆ 'ಲಿಸ್ಟ್ ವಾಲ್ಯೂಮ್' ಕೊಟ್ಟು ವಿಂಡೋಸ್ ಇರುವ ಪಾರ್ಟಿಷನ್ನಿನ ಅಕ್ಷರ ಯಾವುದು ನೋಡಿ. ರಿಪೇರಿ ಪರದೆಯಲ್ಲಿ ಅದು ಸಿ ಆಗಿರಬೇಕೆಂದೇನಿಲ್ಲ, ಡಿ ಆಗಿರಬಹುದು, ಇ ಆಗಿರಬಹುದು. ತುಂಬಾ ಜನ ಎಡವುವುದು ಇಲ್ಲೇ. ಡಿಸ್ಕ್‌ಪಾರ್ಟಿನಿಂದ ಹೊರಬಂದು ಬಿಸಿಡಿಬೂಟ್ ಕಮಾಂಡ್ ಕೊಡಿ. ಅದರ ಮುಂದೆ ವಿಂಡೋಸ್ ಫೋಲ್ಡರಿನ ಪೂರ್ತಿ ದಾರಿ. ಬಳಿಕ ಮುಂದಕ್ಕೆ ಬಾಗಿದ ಓರೆಗೆರೆಯ ಜೊತೆ ಎಸ್, ಒಂದು ಸ್ಪೇಸ್ ಬಿಟ್ಟು ಇಎಫ್ಐ ಪಾರ್ಟಿಷನ್ನಿಗೆ ನೀವು ಕೊಟ್ಟ ಅಕ್ಷರ ಮತ್ತು ಎರಡು ಚುಕ್ಕೆ. ಕೊನೆಗೆ ಓರೆಗೆರೆಯ ಜೊತೆ ಎಫ್, ಸ್ಪೇಸ್, ಯುಇಎಫ್ಐ. ಈ ಒಂದೇ ಕಮಾಂಡ್ ಬೂಟ್ ಫೈಲುಗಳನ್ನು ಕಾಪಿ ಮಾಡುತ್ತದೆ, ಬಿಸಿಡಿ ಹೊಸದಾಗಿ ಬರೆಯುತ್ತದೆ. ಪೆನ್‌ಡ್ರೈವ್ ತೆಗೆದು ಆನ್ ಮಾಡಿ. ನನ್ನ ಯಂತ್ರ ಎದ್ದು ನಿಂತದ್ದು ಈ ದಾರಿಯಲ್ಲೇ.

ಬೂಟ್‌ರೆಕ್ ಎಂಬ ಕಮಾಂಡಿನ ಬಗ್ಗೆ ಎಲ್ಲೆಡೆ ಓದಿರುತ್ತೀರಿ. ಅದರ ಫಿಕ್ಸ್‌ಎಂಬಿಆರ್ ಹಳೆಯ ಎಂಬಿಆರ್ ಡಿಸ್ಕಿಗೆ ಮಾತ್ರ ಕೆಲಸಕ್ಕೆ ಬರುವುದು. ಫಿಕ್ಸ್‌ಬೂಟ್ ಕೊಟ್ಟರೆ ಯುಇಎಫ್ಐ ಯಂತ್ರಗಳಲ್ಲಿ 'ಆಕ್ಸೆಸ್ ಈಸ್ ಡಿನೈಡ್' ಅಂತ ಬರುವುದು ಸಾಮಾನ್ಯ. ಅಲ್ಲಿ ಹೆಣಗುವ ಬದಲು ಬಿಸಿಡಿಬೂಟ್ ಹಿಡಿಯಿರಿ. ಹಳೆಯ ಯಂತ್ರದಲ್ಲಿ ಆಕ್ಟಿವ್ ಗುರುತು ತಪ್ಪಿದ್ದರೆ ಇನ್ನೂ ಸುಲಭ. ಡಿಸ್ಕ್‌ಪಾರ್ಟಿನಲ್ಲಿ ಸರಿಯಾದ ಪಾರ್ಟಿಷನ್ ಸೆಲೆಕ್ಟ್ ಮಾಡಿ 'ಆಕ್ಟಿವ್' ಅಂದರೆ ಮುಗಿಯಿತು. ಬಹಳಷ್ಟು ಸಲ ಅದು 'ಸಿಸ್ಟಮ್ ರಿಸರ್ವ್ಡ್' ಎಂಬ ಹೆಸರಿನ ಚಿಕ್ಕ ಪಾರ್ಟಿಷನ್.

ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಿದ ಮೇಲೆ ಏಳದಿದ್ದರೆ ಮೊದಲು ಫರ್ಮ್‌ವೇರ್ ಸೆಟಪ್ ನೋಡಿ. ಅಲ್ಲಿ ಇನ್ನೂ ಲೆಗಸಿ, ಅಂದರೆ ಹಳೆಯ ಬಯೋಸ್ ರೀತಿಯ, ಮೋಡ್ ಇದ್ದರೆ ಯುಇಎಫ್ಐ ಮಾಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಡೇಟಾ ಪಾರ್ಟಿಷನ್ನೇ ಕಾಣೆಯಾಗಿದ್ದರೆ

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಪಟ್ಟಿಯ ಸಾಲನ್ನು ನೀವು ಪ್ರೋಗ್ರಾಮಿನ ಮೂಲಕ ಅಳಿಸಿದಿರಾ, ಅಥವಾ ಪಟ್ಟಿಯ ಮೇಲೆ ಬೇರೇನೋ ಬರೆದುಹೋಯಿತಾ?

ಪೆನ್‌ಡ್ರೈವಿಗೆ ಐಎಸ್‌ಒ (ಇನ್‌ಸ್ಟಾಲರಿನ ಪಡಿಯಚ್ಚು ಫೈಲ್) ಬರೆಯಲು ಹೋಗಿ ತಪ್ಪಿ ಒಳಗಿನ ಡಿಸ್ಕಿಗೇ ಬರೆದವರಿದ್ದಾರೆ. ಆಗ ಡಿಸ್ಕಿನ ಶುರುವಿನ ಭಾಗ ನಿಜವಾಗಿಯೂ ಹೋಗುತ್ತದೆ. ಆದರೆ ಬರೆದದ್ದು ಕೆಲವು ಜಿಬಿ ಮಾತ್ರ. ಅದರಾಚೆಗಿನ ಪಾರ್ಟಿಷನ್ನುಗಳು ಹಾಗೇ ಇರುತ್ತವೆ. ಜಿಪಿಟಿಯ ಎರಡನೆಯ ಪ್ರತಿಯೂ ಡಿಸ್ಕಿನ ಕೊನೆಯಲ್ಲಿ ಭದ್ರವಾಗಿರುತ್ತದೆ. ಲೈವ್ ಲಿನಕ್ಸಿನಲ್ಲಿ ಜಿಡಿಸ್ಕ್ ಎಂಬ ಪ್ರೋಗ್ರಾಮಿನಿಂದ ಆ ಡಿಸ್ಕನ್ನು ತೆರೆಯಿರಿ. ಆರ್ ಒತ್ತಿದರೆ ರಿಕವರಿ ಮೆನು ಬರುತ್ತದೆ. ಅಲ್ಲಿ ಬಿ ಒತ್ತಿದರೆ ಡಿಸ್ಕಿನ ಕೊನೆಯಲ್ಲಿರುವ ಹೆಡರಿನಿಂದ (ಪಟ್ಟಿಯ ತಲೆಬರಹ) ಮೊದಲ ಹೆಡರ್ ಕಟ್ಟುತ್ತದೆ, ಸಿ ಒತ್ತಿದರೆ ಕೊನೆಯ ಪಟ್ಟಿಯನ್ನು ಲೋಡ್ ಮಾಡುತ್ತದೆ. ಪಿ ಒತ್ತಿ ಪಟ್ಟಿ ನೋಡಿ. ನಿಮ್ಮ ಹಳೆಯ ಪಾರ್ಟಿಷನ್ನುಗಳೇ ಕಂಡರೆ ಮಾತ್ರ ಡಬ್ಲ್ಯೂ ಒತ್ತಿ ಬರೆಯಿರಿ. ಡಬ್ಲ್ಯೂ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಅನುಮಾನ ಬಂದರೆ ಕ್ಯೂ ಒತ್ತಿ ಹೊರಬನ್ನಿ.

ಪ್ರೋಗ್ರಾಮಿನ ಮೂಲಕ ನೀವೇ ಅಳಿಸಿದ್ದರೆ ಈ ಎರಡನೆಯ ಪ್ರತಿ ಪ್ರಯೋಜನಕ್ಕೆ ಬಾರದು. ಪ್ರೋಗ್ರಾಮ್ ಎರಡೂ ಪ್ರತಿಗಳಲ್ಲಿ ಒಟ್ಟಿಗೇ ತಿದ್ದಿರುತ್ತದೆ. ಆಗ ಬೇಕಾಗುವುದು ಟೆಸ್ಟ್‌ಡಿಸ್ಕ್. ಕ್ರಿಸ್ತೋಫ್ ಗ್ರೆನಿಯೆ ಬರೆದ ಈ ಪ್ರೋಗ್ರಾಮ್ ಉಚಿತ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದದ್ದು. ನೋಡಲು ಹಳೆಯ ಕಾಲದ ಕಪ್ಪು ಪರದೆ, ಮೌಸ್ ಕೆಲಸ ಮಾಡುವುದಿಲ್ಲ. ಆದರೂ ಈ ಕೆಲಸಕ್ಕೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ.

ಟೇಬಲ್ ಖಾಲಿಯಾಗಿದ್ದರೂ ಅದು ಪಾರ್ಟಿಷನ್ ಹೇಗೆ ಹುಡುಕುತ್ತದೆ? ಪ್ರತಿ ಫೈಲ್ ವ್ಯವಸ್ಥೆಯೂ ತನ್ನ ಶುರುವಿನಲ್ಲಿ ತನ್ನ ಹೆಸರು, ತನ್ನ ಅಳತೆ ಬರೆದಿಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್ ಆ ಗುರುತುಗಳನ್ನು ಹುಡುಕುತ್ತಾ ಹೋಗುತ್ತದೆ. ಗುರುತು ಸಿಕ್ಕ ಜಾಗವೇ ಪಾರ್ಟಿಷನ್ನಿನ ಶುರು. ಅಳತೆ ಕೂಡಿಸಿದರೆ ಕೊನೆ. ಶುರುವಿನ ಗುರುತು ಕೆಟ್ಟಿದ್ದರೂ ದಾರಿ ಇದೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಫ್ಯಾಟ್32 ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ ಇಡುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಅಂತೂ ಈ ಗುರುತು ಇರುವ ತನ್ನ ಸೂಪರ್‌ಬ್ಲಾಕಿನ ಪ್ರತಿಗಳನ್ನು ಪಾರ್ಟಿಷನ್ ಉದ್ದಕ್ಕೂ ಹಲವು ಕಡೆ ಹರಡಿರುತ್ತದೆ. ಈ ವ್ಯವಸ್ಥೆಗಳನ್ನು ಕಟ್ಟಿದವರು ಇಂಥ ದಿನ ಬರಬಹುದು ಅಂತ ಮೊದಲೇ ಯೋಚಿಸಿದ್ದರು ಅನ್ನುವುದು ನನಗೆ ಪ್ರತಿಸಲವೂ ಸಮಾಧಾನ ಕೊಡುವ ಸಂಗತಿ.

ಬಳಸುವ ಕ್ರಮ ಹೀಗೆ. ಡಿಸ್ಕ್ ಆರಿಸಿ. ಟೇಬಲ್ ಯಾವ ಬಗೆಯದು ಅಂತ ಅದೇ ಊಹಿಸಿ ತೋರಿಸುತ್ತದೆ. ಹಳೆಯ ಎಂಬಿಆರ್ ಆದರೆ ಇಂಟೆಲ್, ಜಿಪಿಟಿ ಆದರೆ ಇಎಫ್ಐ ಜಿಪಿಟಿ ಅಂತ ಇರುತ್ತದೆ. ಡಿಸ್ಕ್ ಮೊದಲು ಯಾವ ಬಗೆಯದಿತ್ತೋ ಅದನ್ನೇ ಆರಿಸಿ. ಬಳಿಕ ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಸಿಕ್ಕ ಪಾರ್ಟಿಷನ್ನುಗಳ ಪಟ್ಟಿ ಬರುತ್ತದೆ. ಒಂದೊಂದರ ಮೇಲೂ ನಿಂತು ಪಿ ಒತ್ತಿ. ಒಳಗಿನ ಫೈಲುಗಳ ಹೆಸರು ಕಾಣುತ್ತದೆ. ನಿಮ್ಮ ಫೋಲ್ಡರುಗಳ ಹೆಸರು ಅಲ್ಲಿ ಕಂಡ ಕ್ಷಣ ಅರ್ಧ ಭಾರ ಇಳಿಯುತ್ತದೆ. ಅಲ್ಲಿಂದಲೇ ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಕೂಡ ಮಾಡಿಕೊಳ್ಳಬಹುದು. ಟೇಬಲ್ ಬರೆಯುವ ಮೊದಲೇ ಇದನ್ನು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಪಟ್ಟಿಯಲ್ಲಿ ಹಳೆಯ ಕಾಲದ ಪಾರ್ಟಿಷನ್ನುಗಳೂ ಸಿಗಬಹುದು. ಮೂರು ವರ್ಷದ ಹಿಂದೆ ಡಿಸ್ಕ್ ಬೇರೆ ರೀತಿ ಹಂಚಿದ್ದರೆ ಅದರ ಗುರುತೂ ಎಲ್ಲೋ ಉಳಿದಿರುತ್ತದೆ. ಒಂದರ ಮೇಲೊಂದು ಬೀಳುವ ಎರಡು ಪಾರ್ಟಿಷನ್ ಕಂಡರೆ ಒಳಗಿನ ಫೈಲ್ ನೋಡಿ ಯಾವುದು ಈಚಿನದು ಅಂತ ನಿರ್ಧರಿಸಿ. ಬೇಡದ್ದಕ್ಕೆ ಎಡ ಬಲ ಬಾಣದ ಕೀಲಿಯಿಂದ ಡಿ ಅನ್ನುವ ಗುರುತು ಕೊಡಿ. ಎಲ್ಲವೂ ಸರಿ ಕಂಡರೆ ಎಂಟರ್, ಆಮೇಲೆ ರೈಟ್. ಬೇಕಾದದ್ದು ಸಿಗದಿದ್ದರೆ ಡೀಪರ್ ಸರ್ಚ್ ಇದೆ. ಅದು ನಿಧಾನ, ಆದರೆ ಮೂಲೆಮೂಲೆ ಹುಡುಕುತ್ತದೆ.

ಜಿಪಿಟಿಯಲ್ಲಿ ಪ್ರತಿ ಪಾರ್ಟಿಷನ್ನಿಗೂ ಒಂದು ಉದ್ದ ಗುರುತಿನ ಸಂಖ್ಯೆ ಇರುತ್ತದೆ. ಹೀಗೆ ಹಿಂದಕ್ಕೆ ತಂದ ಪಾರ್ಟಿಷನ್ನಿಗೆ ಆ ಸಂಖ್ಯೆ ಹೊಸದಾಗಿರಬಹುದು. ಫರ್ಮ್‌ವೇರ್ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಅದಕ್ಕೇ ಪಾರ್ಟಿಷನ್ ಸರಿಯಾಗಿ ಬಂದಿದ್ದರೂ ಯಂತ್ರ ಏಳದಿದ್ದರೆ ಮೇಲೆ ಹೇಳಿದ ಬಿಸಿಡಿಬೂಟ್ ಒಮ್ಮೆ ಓಡಿಸಿ. ಇಎಫ್ಐ ಪಾರ್ಟಿಷನ್ನಿನ ಬಗೆ 'ಇಎಫ್ಐ ಸಿಸ್ಟಮ್' ಅಂತಲೇ ಇದೆಯಾ ಅಂತಲೂ ನೋಡಿ.

ಇದಾವುದಕ್ಕೂ ಮೊದಲು ವಿಂಡೋಸಿನ ತಪಾಸಣೆ ಪ್ರೋಗ್ರಾಮಾದ ಚೆಕ್‌ಡಿಸ್ಕ್ ಓಡಿಸಬೇಡಿ. ಪಾರ್ಟಿಷನ್ನಿನ ಎಲ್ಲೆ ತಪ್ಪಿದ್ದಾಗ ಅದು ಇರುವ ಫೈಲುಗಳನ್ನೇ ತಪ್ಪು ಅಂದುಕೊಂಡು 'ಸರಿ' ಮಾಡಲು ಹೋಗುತ್ತದೆ. ಎಲ್ಲೆ ಸರಿಯಾಗಿ, ಫೈಲುಗಳು ಬೇರೆ ಕಡೆ ಕಾಪಿ ಆದ ಮೇಲೆ ಅದರ ಸರದಿ.

ಪಾರ್ಟಿಷನ್ ಸರಿಸುವ ಅಥವಾ ಹಿಗ್ಗಿಸುವ ನಡುವೆ ಕರೆಂಟ್ ಹೋದರೆ? ಇದೇ ಎಲ್ಲಕ್ಕಿಂತ ಕಷ್ಟದ ಸ್ಥಿತಿ. ಡೇಟಾದ ಅರ್ಧ ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ ಇರುತ್ತದೆ. ಟೇಬಲ್ಲಿನ ಯಾವ ಅಂಕಿಯೂ ಎರಡಕ್ಕೂ ಹೊಂದುವುದಿಲ್ಲ. ಇಲ್ಲಿ ಪಡಿಯಚ್ಚು ತೆಗೆದು, ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೋರೆಕ್ ಓಡಿಸಬಹುದು. ಅದು ಪಾರ್ಟಿಷನ್ನನ್ನು ಲೆಕ್ಕಿಸದೆ ಫೋಟೋ, ವಿಡಿಯೋ, ಕಡತಗಳನ್ನು ಅವುಗಳ ಒಳಗುರುತಿನಿಂದಲೇ ಹೆಕ್ಕುತ್ತದೆ. ಫೈಲಿನ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಒಳಗಿನ ವಸ್ತು ಉಳಿಯುತ್ತದೆ.

ಗ್ರಬ್ ರೆಸ್ಕ್ಯೂ

ಎರಡು ಸಿಸ್ಟಮ್ ಇಟ್ಟುಕೊಂಡು, ವಿಂಡೋಸಿನೊಳಗಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದವರಿಗೆ ಇದು ಪರಿಚಿತ ಪರದೆ. ಗ್ರಬ್‌ನ ಉಳಿದ ಫೈಲುಗಳು ಆ ಅಳಿಸಿದ ಪಾರ್ಟಿಷನ್ನಿನಲ್ಲೇ ಇದ್ದವು. ಲಿನಕ್ಸ್ ನಿಜಕ್ಕೂ ಬೇಡವಾಗಿದ್ದರೆ ಯುಇಎಫ್ಐ ಯಂತ್ರದಲ್ಲಿ ಬೂಟ್ ಮೆನು ತೆರೆದು 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿ, ಸೆಟಪ್ಪಿನಲ್ಲಿ ಅದನ್ನೇ ಮೊದಲ ಸ್ಥಾನಕ್ಕೆ ತನ್ನಿ. ಹಳೆಯ ಯಂತ್ರದಲ್ಲಿ ಫಿಕ್ಸ್‌ಎಂಬಿಆರ್ ಸಾಕು.

ಲಿನಕ್ಸ್ ಇದೆ, ಪಾರ್ಟಿಷನ್ನಿನ ಸಂಖ್ಯೆ ಮಾತ್ರ ಬದಲಾಗಿದೆ ಅಂದರೆ ಗ್ರಬ್‌ಗೆ ದಾರಿ ತೋರಿಸಿದರಾಯಿತು. 'ಎಲ್‌ಎಸ್' ಅಂತ ಬರೆದರೆ ಪಾರ್ಟಿಷನ್ನುಗಳ ಪಟ್ಟಿ ಬರುತ್ತದೆ. ಒಂದೊಂದರಲ್ಲೂ ಅದೇ ಕಮಾಂಡಿನಿಂದ ಇಣುಕಿ, ಬೂಟ್ ಫೋಲ್ಡರ್ ಯಾವುದರಲ್ಲಿದೆ ಹುಡುಕಿ. 'ಸೆಟ್' ಕಮಾಂಡಿನಿಂದ ರೂಟ್‌ಗೆ ಆ ಪಾರ್ಟಿಷನ್ ಹೆಸರನ್ನೂ, ಪ್ರಿಫಿಕ್ಸ್‌ಗೆ ಅದರೊಳಗಿನ ಗ್ರಬ್ ಫೋಲ್ಡರಿನ ದಾರಿಯನ್ನೂ ಕೊಡಿ. ಬಳಿಕ 'ಇನ್ಸ್‌ಮಾಡ್ ನಾರ್ಮಲ್', ಆಮೇಲೆ 'ನಾರ್ಮಲ್'. ಮೆನು ಬರುತ್ತದೆ. ಲಿನಕ್ಸ್ ಎದ್ದ ಕೂಡಲೇ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಇದೇ ಪಾಡು.

ಎಮರ್ಜೆನ್ಸಿ ಮೋಡಿಗೆ ಬಿದ್ದರೆ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಏಳುವಾಗ ಯಾವ ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನೀವು ಅಳಿಸಿದ ಪಾರ್ಟಿಷನ್ನಿನ ಸಾಲು ಅಲ್ಲಿ ಇನ್ನೂ ಇದ್ದರೆ ಲಿನಕ್ಸ್ ಅದಕ್ಕಾಗಿ 90 ಸೆಕೆಂಡು ಕಾದು ಕೈಚೆಲ್ಲುತ್ತದೆ. ಬಿಎಲ್‌ಕೆಐಡಿ ಕಮಾಂಡ್ ಈಗಿರುವ ಗುರುತುಗಳನ್ನು ತೋರಿಸುತ್ತದೆ. ಹೊಂದದ ಸಾಲನ್ನು ತಿದ್ದಿ, ಅಥವಾ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ನಿಲ್ಲಿಸಿ.

ಎದ್ದ ಮೇಲೆ

ಯಂತ್ರ ಎದ್ದಿತು. ಮೊದಲು ಮುಖ್ಯ ಫೈಲುಗಳು ಹೊರಗಿನ ಡಿಸ್ಕಿಗೆ ಹೋಗಲಿ. ಆಮೇಲೆ ಫೈಲ್ ವ್ಯವಸ್ಥೆಯ ತಪಾಸಣೆ. ಅದಾದ ಮೇಲೆ ಪಾರ್ಟಿಷನ್ ಟೇಬಲ್ಲಿನ ಒಂದು ಪ್ರತಿ ತೆಗೆದಿಡಿ. ಲೈವ್ ಲಿನಕ್ಸಿನ ಎಸ್‌ಎಫ್‌ಡಿಸ್ಕ್ ಪ್ರೋಗ್ರಾಮಿಗೆ 'ಡಂಪ್' ಅಂದರೆ ಇಡೀ ನಕ್ಷೆಯನ್ನು ಓದಲು ಬರುವ ಪುಟ್ಟ ಪಠ್ಯ ಫೈಲಾಗಿ ಕೊಡುತ್ತದೆ. ಹತ್ತಿಪ್ಪತ್ತು ಸಾಲು, ಅಷ್ಟೇ. ಮುಂದೆ ಎಂದಾದರೂ ಟೇಬಲ್ ಕೆಟ್ಟರೆ ಅದೇ ಫೈಲನ್ನು ಎಸ್‌ಎಫ್‌ಡಿಸ್ಕಿಗೆ ವಾಪಸ್ ಕೊಟ್ಟರೆ ಸಾಕು, ಎಲ್ಲಾ ಎಲ್ಲೆಗಳೂ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆ ಫೈಲನ್ನು ಇಮೇಲಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಅಥವಾ ಪ್ರಿಂಟ್ ತೆಗೆದಿಡಿ. ಅದೇ ಡಿಸ್ಕಿನೊಳಗೆ ಮಾತ್ರ ಇಡಬೇಡಿ.